ಗರಿ ಮುಟ್ಟಿದರೆ ಹೂಂ ಅನ್ನು

ಜ್ವರ ಬಂದವನು ದವಾಖಾನೆಗೆ ಬಂದರೆ ಅವನ ರೋಗ ಏನೆಂದು ಡಾಕ್ಟರು ಹೇಳಬೇಕು. ಚರ್ಮದ ರೋಗಿಯ ಪಾಡು ಹಾಗಲ್ಲ. ಅವನು ನಮ್ಮ ಕಟ್ಟೆ ಹತ್ತುವ ಹೊತ್ತಿಗೆ ಊರೇ ಅವನ ರೋಗವನ್ನು ನೋಡಿ, ಹೆಸರಿಟ್ಟು, ಕಾರಣ ಹುಡುಕಿ, ತನಗೆ ಗೊತ್ತಿದ್ದ ಔಷಧವನ್ನೆಲ್ಲ ಬಳಿದಿರುತ್ತದೆ. ನಮ್ಮ ಕಣ್ಣಿಗೆ ಮೊದಲು ಬೀಳುವುದು ರೋಗವಲ್ಲ, ಊರವರ ಬೆಳ್ಳುಳ್ಳಿ, ಸುಣ್ಣ, ಕೆಮ್ಮಣ್ಣು. ಅದನ್ನು ತೊಳೆದು ನೋಡುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು.

ಹುಕ್ಕೇರಿ, ಮೂಡಲಗಿ, ಕೊನೆಗೆ ಗೋಕಾಕ, ಈ ಮೂರು ಊರುಗಳ ದವಾಖಾನೆಗಳಲ್ಲಿ ಗಡ್ಡ ಬೆಳ್ಳಗಾಗುವವರೆಗೆ ಡಾಕ್ಟರಾಗಿ ದುಡಿದೆ. ಪಗಾರ ಯಾವಾಗ ಏರಿತು, ಯಾವ ಸಾಹೇಬರು ಬೆನ್ನು ಚಪ್ಪರಿಸಿದರು ಎಂಬುದನ್ನು ಬರೆಯುವುದಿಲ್ಲ. ಅದನ್ನು ಓದಿ ಯಾರಿಗೇನು ಆಗಬೇಕಾಗಿದೆ? ನನ್ನ ತಂಗಿಯ ಮಗ ಈಚೆಗೆ ಡಾಕ್ಟರಿಕೆ ಪಾಸಾಗಿ ಬಂದವನು, "ಮಾಮೂ, ಚರ್ಮದ್ದೇನ ದೊಡ್ಡದೈತ್ರಿ, ಹೊಸಾ ಔಷಧ ಬಂದಾವಲ್ಲ, ಹಚ್ಚಿ ಕಳಿಸಿದ್ರಾತು" ಅಂದ. ಆ ಮಾತಿಗೆ ಮೈಯೆಲ್ಲ ಉರಿಯಿತು. ಅವನಿಗಾಗಿಯೇ ಬರೆಯಲು ಕೂತಿದ್ದೇನೆ.

ಮೊದಲು ಹುರುಕಿನ, ಅಂದರೆ ಕಜ್ಜಿಯ, ಮಾತು. ಹುಕ್ಕೇರಿಯಲ್ಲಿ ನಾನು ಹೊಸಬನಿದ್ದಾಗ ಚಳಿಗಾಲ ಬಂತೆಂದರೆ ಹುರುಕಿನ ಮಕ್ಕಳು ಕಟ್ಟೆ ತುಂಬ ಕೂತಿರುತ್ತಿದ್ದವು. ಕೈ ತೋರಿಸು ಅಂದರೆ ಮುಷ್ಟಿ ಬಿಗಿ ಹಿಡಿಯುತ್ತಿದ್ದವು. ಬೆಲ್ಲದ ಚೂರು ತೋರಿಸಿದರೆ ಬೆರಳು ತಾವಾಗಿ ಬಿಚ್ಚುತ್ತಿದ್ದವು, ಸಂದಿಯಲ್ಲಿ ಸಣ್ಣ ಗುಳ್ಳೆ ಕಾಣುತ್ತಿದ್ದವು. ರೋಗ ಗುರುತಿಸುವುದು ಅಷ್ಟೇ ಸುಲಭ. ಕಷ್ಟ ಮುಂದಿನದು. ಗಂಧಕದ ಮುಲಾಮನ್ನು ಮನೆಯವರೆಲ್ಲ ಒಂದೇ ದಿನ ಮೈತುಂಬ ಹಚ್ಚಿಕೊಳ್ಳಬೇಕು, ಹಾಸಿಗೆ ಬಟ್ಟೆಯನ್ನೆಲ್ಲ ಕುದಿಸಬೇಕು. ಇಲ್ಲದಿದ್ದರೆ ಒಬ್ಬನದು ವಾಸಿಯಾಗುವಷ್ಟರಲ್ಲಿ ಇನ್ನೊಬ್ಬನಿಂದ ತಿರುಗಿ ಬರುತ್ತದೆ.

"ಮನ್ಯಾಗ ಮತ್ತ ಯಾರಿಗೈತವ್ವಾ?" ಎಂದು ಕೇಳಿದರೆ ತಾಯಿ, "ಯಾರಿಗೂ ಇಲ್ರಿ, ಈ ಹುಡುಗಗಷ್ಟ" ಅನ್ನುವಳು. ಹಾಗನ್ನುತ್ತಲೇ ಬಳೆ ಹಿಂದೆ ಸರಿಸಿ ಮಣಿಕಟ್ಟು ಕೆರೆದುಕೊಳ್ಳುವಳು. ಒಬ್ಬ ಅಜ್ಜಿಯಂತೂ, "ನನಗ ಯಾಕ್ರಿ ಮುಲಾಮ? ನಾ ದಿನಾ ಜಳಕ ಮಾಡಿ ಪೂಜಿ ಮಾಡಾಕಿ" ಎಂದು ನನ್ನ ಮೇಲೇ ಹರಿಹಾಯ್ದಳು. ನನಗೂ ಸಿಟ್ಟು ಬಂತು. ಡಬ್ಬಿಯಿಂದ ಮುಲಾಮು ತೆಗೆದು ಅವಳ ಎದುರಿಗೇ ನನ್ನ ಎರಡೂ ತೋಳಿಗೆ ಮೊಣಕೈತನಕ ಹಚ್ಚಿಕೊಂಡೆ. "ನನಗೂ ಹುರುಕಿಲ್ಲ, ನೋಡ್ರಿ, ಹಚ್ಚಿಕೊಂಡೆ. ಈಗರ ಹಚ್ಕೋತೀರೋ ಇಲ್ಲೋ?" ಅಂದೆ. ಅಜ್ಜಿ ನಕ್ಕು ಕರಟ ಮುಂದೆ ಹಿಡಿದಳು. ಆಗೆಲ್ಲ ಮುಲಾಮು ಒಯ್ಯಲು ತೆಂಗಿನ ಕರಟವನ್ನೇ ತರುತ್ತಿದ್ದರು. ಅಂದು ಮನೆಗೆ ಹೋದರೆ ನನ್ನ ಹೆಂಡತಿ ಗಂಧಕದ ನಾತಕ್ಕೆ ಮೂಗು ಮುಚ್ಚಿಕೊಂಡು ನನ್ನ ಊಟದ ತಟ್ಟೆಯನ್ನು ಪಡಸಾಲೆಯಲ್ಲೇ ಇಟ್ಟಳು.

ಆ ಅಜ್ಜಿಯಿಂದ ನಾನು ಒಂದು ಮಾತು ಕಲಿತೆ. ನಮ್ಮ ಕಡೆ ತುರಿಕೆಯನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ನೋವಾದರೆ ಹೇಳುತ್ತಾರೆ, ಜ್ವರ ಬಂದರೆ ಹೇಳುತ್ತಾರೆ. ತುರಿಕೆ ಅಂದರೆ ಹೊಲಸು ಮನೆ ಅಂತ ಅರ್ಥ ಹಚ್ಚುತ್ತಾರೆಂದು ಬಾಯಿ ಬಿಗಿಹಿಡಿಯುತ್ತಾರೆ. ಇದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡಲಿಲ್ಲ.

ಸರ್ಪಸುತ್ತಿಗೆ ಕೆಮ್ಮಣ್ಣಿನಿಂದ ಹಾವು ಬರೆಸಿಕೊಂಡು ಬರುವವರ ಮೇಲೆ ನಾನು ಮೊದಮೊದಲು ಕೂಗಾಡುತ್ತಿದ್ದೆ. ಬರಬರುತ್ತ ಬಿಟ್ಟೆ. ಗುಳ್ಳೆ ಸೊಂಟದ ಮೇಲಿದ್ದರೆ ಕೆಮ್ಮಣ್ಣಿನಿಂದ ಕೆಡುವುದೇನೂ ಇಲ್ಲ, ಹಚ್ಚಿದವನಿಗೂ ಹಚ್ಚಿಸಿಕೊಂಡವನಿಗೂ ಸಮಾಧಾನ. ಕಣ್ಣಿನ ಹತ್ತಿರ ಎದ್ದಿದ್ದರೆ ಮಾತ್ರ ಬಿಡುತ್ತಿರಲಿಲ್ಲ, ರಟ್ಟೆ ಹಿಡಿದು ಒಳಗೆ ಕೂಡಿಸುತ್ತಿದ್ದೆ. ಎಲ್ಲದಕ್ಕೂ ಜಗಳ ತೆಗೆದರೆ ಜಗಳ ಬೇಕಾದಲ್ಲಿ ನಿಮ್ಮ ಮಾತು ಯಾರೂ ಕೇಳುವುದಿಲ್ಲ.

ಇನ್ನು ಹೇಳಬೇಕಾದದ್ದು ಮಸಗುಪ್ಪಿಯ ಗಂಗವ್ವನ ಸಂಗತಿ. ಅದಕ್ಕೆ ಮೊದಲು ಕೋಳಿಗರಿಯ ವಿಷಯ ತಿಳಿದಿರಬೇಕು.

ಬಿಳಿಚಿದ ಮಚ್ಚೆ ಕಂಡಾಗ ಅದು ಸಿಬ್ಬೋ, ತೊನ್ನೋ, ಕುಷ್ಠವೋ ಎಂದು ನಿರ್ಧರಿಸುವುದು ನಮ್ಮ ಕೆಲಸದಲ್ಲೇ ಭಾರದ್ದು. ಕುಷ್ಠದ ಮಚ್ಚೆಗೆ ಸ್ಪರ್ಶ ತಿಳಿಯುವುದಿಲ್ಲ. ಅದಕ್ಕೇ ರೋಗಿಯ ಕಣ್ಣು ಮುಚ್ಚಿಸಿ ಕೋಳಿಗರಿಯ ತುದಿಯಿಂದ ಅಲ್ಲಿ ಇಲ್ಲಿ ಹಗುರಾಗಿ ಮುಟ್ಟುತ್ತಿದ್ದೆವು. ಮುಟ್ಟಿದಾಗಲೆಲ್ಲ ರೋಗಿ "ಹೂಂ" ಅನ್ನಬೇಕು. ಮಚ್ಚೆಯ ಮೇಲೆ ಮುಟ್ಟಿದಾಗ ಹೂಂ ಬರದಿದ್ದರೆ ಕುಷ್ಠವೆಂದೇ ಬರೆದುಕೊಳ್ಳುತ್ತಿದ್ದೆವು. ಇದನ್ನು ನನಗೆ ಕಲಿಸಿದವರು ಗೋಕಾಕದಲ್ಲಿದ್ದ ನನ್ನ ಮೇಲಿನ ಡಾಕ್ಟರು. ಪುಣೆ ಕಡೆಯವರು, ಬಹಳ ಓದಿದವರು, ಕೈ ಚೊಕ್ಕ. ಕನ್ನಡ ಮಾತ್ರ "ಬಾ, ಕೂಡು, ನಾಲಿಗಿ ತಗಿ" ಅನ್ನುವಷ್ಟೇ ಬರುತ್ತಿತ್ತು. ಅವರನ್ನು ಇಲ್ಲಿ ದೊಡ್ಡ ಸಾಹೇಬರು ಅನ್ನುತ್ತೇನೆ, ಹೆಸರು ಬೇಡ.

ಆಗ ನಾನು ಮೂಡಲಗಿಯಲ್ಲಿದ್ದೆ. ಬೇಸಿಗೆಯ ಒಂದು ಮುಂಜಾನೆ ಮಸಗುಪ್ಪಿಯಿಂದ ಬಂಡಿಯೊಂದು ಬಂದು ನಿಂತಿತು. ಹೊಲಮನೆ ಚೆನ್ನಾಗಿದ್ದ ಬಸಲಿಂಗಪ್ಪ, ಅವರ ಹೆಂಡತಿ, ಸೊಸೆ ಗಂಗವ್ವ ಒಳಗೆ ಬಂದರು. ಮಗ ಎತ್ತು ಹಿಡಿದುಕೊಂಡು ಹೊರಗೇ ನಿಂತ. ಗಂಗವ್ವ ಯಮಕನಮರಡಿಯ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸೆರಗು ಹಣೆ ದಾಟಿ ಇಳಿದಿತ್ತು.

"ದೊಡ್ಡ ಸಾಹೇಬ್ರ ನೋಡ್ಯಾರ್ರಿ," ಎಂದರು ಬಸಲಿಂಗಪ್ಪ, ಹೆಂಗಸರನ್ನು ದೂರದ ಬೆಂಚಿನ ಮೇಲೆ ಕೂಡಿಸಿ ಬಂದು, ಸೊಸೆಗೆ ಕೇಳದಂತೆ ದನಿ ತಗ್ಗಿಸಿ. "ಆ ರೋಗನ ಅಂದ್ರು. ವಾರಕ್ಕೊಂದ ಸೂಜಿ ನಿಮ್ಮ ಕಡೆ ಮಾಡಸ್ರಿ ಅಂದಾರ. ಒಂದ ಮಾತ ಕೇಳತೇನಿ, ಆ ಸೂಜಿ ಹುಕ್ಕೇರಿ ದವಾಖಾನ್ಯಾಗೂ ಸಿಗತೈತೇನ್ರಿ?"

"ಸಿಗತೈತಿ. ಯಾಕ್ರಿ?"

"ಮೂರ ದಿನದಾಗ ಇಕಿನ್ನ ತವರಿಗೆ ಬಿಟ್ಟ ಬರವ್ರದೀವ್ರಿ. ಅಲ್ಲಿಂದ ಹುಕ್ಕೇರಿ ಸಮೀಪ ಆಗತೈತಿ. ಮಗಗ ಬ್ಯಾರೆ ಕಡೆ ಹೆಣ್ಣ ನೋಡೇವ್ರಿ."

ಅವರು ಕೆಟ್ಟವರಂತೆ ಮಾತಾಡಲಿಲ್ಲ. ಹೇಳಿ ನೆಲ ನೋಡುತ್ತ ಕೂತರು. ಆ ಕಾಲದಲ್ಲಿ ಆ ರೋಗದ ಹೆಸರು ಬಿದ್ದ ಹೆಂಗಸಿಗೆ ಗಂಡನ ಮನೆ ಇಲ್ಲ, ತವರಿನಲ್ಲೂ ಒಳಮನೆ ಇಲ್ಲ, ಹಿತ್ತಲಿನ ಗುಡಿಸಲೇ ಗತಿ. ನನ್ನ ಸೂಜಿ ಚುಚ್ಚಿದರೆ ಅವಳ ಮೇಲೆ ಮುದ್ರೆ ಒತ್ತಿದಂತೆಯೇ ಆಗುತ್ತಿತ್ತು. ಚುಚ್ಚುವ ಮೊದಲು ಒಮ್ಮೆ ನಾನೂ ನೋಡುತ್ತೇನೆ ಅಂದೆ.

ಗಂಗವ್ವ ಗೋಡೆಯ ಕಡೆ ತಿರುಗಿ, ಎದೆಯ ಮೇಲಿದ್ದುದನ್ನು ಮುಷ್ಟಿಯಲ್ಲಿ ಹಿಡಿದು ಮೇಲಕ್ಕೆ ಎತ್ತಿಕೊಂಡು, ಸೆರಗು ತುಸು ಸರಿಸಿದಳು. ಮುಷ್ಟಿಯಲ್ಲಿದ್ದದ್ದು ಏನೆಂದು ನನಗೆ ಗೊತ್ತಿತ್ತು. ಲಿಂಗಾಯತರ ಓಣಿಯಲ್ಲೇ ಬೆಳೆದ ಮುಸಲ್ಮಾನ ನಾನು. ಅವರು ಇಷ್ಟಲಿಂಗವನ್ನು ಕರಡಿಗೆ ಎಂಬ ಚಿಕ್ಕ ಭರಣಿಯಲ್ಲಿಟ್ಟು ದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತಾರೆ, ಮೈಯಿಂದ ಅಗಲಿಸುವುದಿಲ್ಲ, ಪರರ ಕಣ್ಣಿಗೆ ಬೀಳಗೊಡುವುದಿಲ್ಲ. ನಾನು ಕೂಡಲೇ ಕಣ್ಣು ಆಚೆ ಹೊರಳಿಸಿ ಮಚ್ಚೆಯನ್ನಷ್ಟೇ ನೋಡಿದೆ.

ಎದೆಯ ನಡುವೆ ಗುಂಡನೆಯ ಮಚ್ಚೆ. ಅಂಚು ಕಪ್ಪಗೆ ದಪ್ಪಗಿತ್ತು, ನಡುವೆ ಬಿಳಿಚಿತ್ತು. ಅತ್ತೆ ದಿನಾ ಬೆಳ್ಳುಳ್ಳಿ ಅರೆದು ತಿಕ್ಕುತ್ತಿದ್ದಳಂತೆ, ಅದರಿಂದ ಸುಟ್ಟ ಬಿಳುಪೂ ಇರಬಹುದು. ಕುಷ್ಠಕ್ಕೆ ದಪ್ಪಗಾಗುವ ಕಿವಿಯ ಹಾಲೆ ನೋಡಿದೆ, ದಪ್ಪವಿಲ್ಲ. ಮೊಣಕೈಯ ಹಿಂದಿನ ನರ ಒತ್ತಿ ನೋಡಿದೆ, ಊದಿಲ್ಲ. ಅಷ್ಟರಲ್ಲಿ ಅವಳ ಉಗುರುಗಳು ನನ್ನ ಕಣ್ಣಿಗೆ ಬಿದ್ದವು. ಅರಗು ಹಚ್ಚಿದ ಗೋಕಾಕದ ಬೊಂಬೆಯ ಹಾಗೆ ಮಿನುಗುತ್ತಿದ್ದವು. ಹೊಲದ ಕಸ ತೆಗೆಯುವ, ಸಗಣಿ ಸಾರಿಸುವ ಕೈಗೆ ಅಂಥ ಉಗುರು ಎಲ್ಲಿಂದ ಬರಬೇಕು? ಹಗಲೂ ರಾತ್ರಿ ಕೆರೆದುಕೊಳ್ಳುವವರ ಉಗುರು ಮಾತ್ರ ಹಾಗೆ ಹೊಳಪಾಗುತ್ತದೆ. ಸ್ಪರ್ಶವೇ ತಿಳಿಯದ ಮಚ್ಚೆಯನ್ನು ಯಾರೂ ಕೆರೆಯುವುದಿಲ್ಲ.

ಗರಿ ತೆಗೆದುಕೊಂಡೆ. "ಕಣ್ಣ ಮುಚ್ಚು ತಂಗಿ. ಗರಿ ಮುಟ್ಟಿದ್ರ ಹೂಂ ಅನ್ನು" ಅಂದೆ. ಮಚ್ಚೆಯ ಮೇಲೆ ಮುಟ್ಟಿದೆ. ಮಾತಿಲ್ಲ. ಮಚ್ಚೆಯ ಪಕ್ಕಕ್ಕೆ ಮುಟ್ಟಿದೆ. ಮಾತಿಲ್ಲ. ಕೈಗೆ, ಕತ್ತಿಗೆ, ಗಲ್ಲಕ್ಕೆ ಮುಟ್ಟಿದೆ. ಕಲ್ಲಿನಂತೆ ಕೂತಿದ್ದಳು.

"ಗೋಕಾಂವ್ಯಾಗೂ ಹಿಂಗ ಆತ್ರಿ. ಅಕಿಗೆ ತಿಳಿಯೂದುಲ್ಲ" ಎಂದರು ಬಸಲಿಂಗಪ್ಪ. ಗೋಕಾಕಕ್ಕೆ ನಮ್ಮ ಕಡೆ ಗೋಕಾಂವಿ ಅನ್ನುತ್ತಾರೆ.

"ತಿಳಿಯೂದುಲ್ಲಂತ ಅಲ್ಲಿ ಯಾರ ಹೇಳಿದ್ರಿ? ಅಕಿನ ಹೇಳಿದ್ಲೇನ?"

"ನಾನ ಹೇಳಿದ್ನಿರಿ. ಸಾಹೇಬ್ರ ಮಾತ ಅಕಿಗೆ ತಿಳಿಯೂದುಲ್ಲ. ಅಕಿ ನನ್ನ ಮುಂದ ಬಾಯಿ ತಗಿಯೂದುಲ್ಲ. ಲಗ್ನಾದಾಗಿಂದ ಅಕಿ ದನಿ ನಾ ಒಮ್ಮಿನೂ ಕೇಳಿಲ್ರಿ."

ಕೊನೆಯ ಮಾತನ್ನು ಅವರು ಅಭಿಮಾನದಿಂದಲೇ ಹೇಳಿದರು, ಮನೆತನಸ್ಥ ಸೊಸೆ ಅನ್ನುವ ಹಾಗೆ. ನನಗೆ ಮಾತ್ರ ಕೈಯಲ್ಲಿದ್ದ ಗರಿಯನ್ನು ಮುರಿದು ಒಗೆಯುವಷ್ಟು ಸಿಟ್ಟು ಬಂತು. ಮಾವನ ಎದುರಿಗೆ ಉಸಿರೂ ಬಿಡದ ಹುಡುಗಿಯನ್ನು ಮಾವನನ್ನೇ ಕೂಡಿಸಿಕೊಂಡು ಪರೀಕ್ಷೆ ಮಾಡಿ, ಅವಳ ಉತ್ತರವನ್ನೂ ದೊಡ್ಡ ಸಾಹೇಬರು ಮಾವನಿಂದಲೇ ಹೇಳಿಸಿಕೊಂಡಿದ್ದರು.

ಅತ್ತೆ ಮಾವ ಇಬ್ಬರನ್ನೂ ಹೊರಗೆ ಕಳಿಸಿದೆ. ನಾನೂ ಗಂಡಸೇ, ನನ್ನ ಮುಂದೆಯೂ ಅವಳು ಬಾಯಿ ಬಿಡುವುದು ಸುಳ್ಳು. ಬಾಗಿಲಿಗೆ ಹಾಸಿಗೆ ಚಾದರವೊಂದನ್ನು ಇಳಿಬಿಟ್ಟು, ನಮ್ಮ ನರ್ಸ್ ತುಳಸಾಬಾಯಿಯ ಕೈಗೆ ಗರಿ ಕೊಟ್ಟು, ನಾನು ಚಾದರದ ಈಚೆ ನಿಂತೆ.

"ಈಗ ಯಾರೂ ಇಲ್ಲ ನೋಡವ್ವಾ. ನಾನು ನೀನು ಇಬ್ಬರ. ಮುಟ್ಟಿದ್ರ ಹೇಳು" ಎಂದಳು ತುಳಸಾಬಾಯಿ.

ಸಣ್ಣಗೆ "ಹೂಂ" ಕೇಳಿಸಿತು. ಮತ್ತೊಂದು "ಹೂಂ". ಆಮೇಲೆ, "ಬಾಯಾರ, ಗರಿ ಸಾಕ ಮಾಡ್ರಿ. ಮೊದಲ ಅಲ್ಲಿ ಕಡೀತೈತಿ, ಅದರಾಗ ಗರಿ ಬ್ಯಾರೆ."

"ಬಾಳ ಕಡೀತೈತೇನ?"

"ಜೀವಾ ತಿಂತೈತ್ರಿ."

ಇನ್ನೊಬ್ಬರ ಸಂಕಟ ಕೇಳಿ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು, ಅದೇ ಕೊನೆ. ತುಳಸಾಬಾಯಿ ಕೇಳಿದಳು, "ಮತ್ತ ಗೋಕಾಂವ್ಯಾಗ ಯಾಕ ಹೇಳ್ಲಿಲ್ಲವ್ವಾ?"

"ಮಾವಾರ ಕುಂತಿದ್ರಲ್ರಿ. ಮತ್ತ ಕಡೀತೈತಿ ಅಂದ್ರ ಹುರುಕ ಅಂತಾರ. ತವರ ಮನಿಯಿಂದ ತಂದ್ಲು ಅಂತಾರ. ನಮ್ಮವ್ವಗ ಕೆಟ್ಟ ಹೆಸರ ಬರತೈತಿ."

"ಸುಮ್ಮ ಕುಂತ್ರ ಏನ ಆಗತೈತಿ ಗೊತ್ತೈತೇನ ನಿನಗ?"

"ಏನ ಆಗತೈತ್ರಿ? ತವರಿಗೆ ಕರಕೊಂಡ ಹೊಂಟಾರ ನನ್ನ. ಬ್ಯಾಸಗಿ ಕಳದ ಬಾ ಅಂದಾರ."

ಎಲ್ಲರೂ ಅವಳ ಮೈ ನೋಡಿದ್ದರು, ಗರಿ ಯಾಕೆ ಆಡಿಸುತ್ತಿದ್ದಾರೆ, ತಾನು ಸುಮ್ಮನೆ ಕೂತರೆ ಏನರ್ಥ ಎಂಬುದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ತವರಿಗೆ ಹೋಗುವ ಖುಷಿಯಲ್ಲಿದ್ದಳು.

ಇನ್ನು ಈ ಕಡಿತ ಯಾತರಿಂದ? ತುಳಸಾಬಾಯಿಯಿಂದ ಕೇಳಿಸಿದರೆ, ಲಗ್ನವಾದ ಮೇಲೆ ಶುರುವಾಯಿತು ಅಂದಳು. ಲಗ್ನದ ಮೇಲೆ ಏನು ಹೊಸದು? ಆಗ ನನಗೆ ಆ ಮುಷ್ಟಿ ನೆನಪಾಯಿತು. ಚಾದರದ ಈಚೆಯಿಂದ ತುಳಸಾಬಾಯಿಗೆ ಪಿಸುಮಾತಿನಲ್ಲಿ ಹೇಳಿದೆ. ಅವಳು, "ಮುಷ್ಟಿಯೊಳಗ ಹಿಡದಿದ್ದನ್ನ ಅದು ಯಾವಾಗ್ಲೂ ಇರೂ ಜಾಗಾದಾಗ ಬಿಡವ್ವಾ. ನಾ ಮುಟ್ಟೂದುಲ್ಲ, ದೂರಿಂದ ನೋಡತೇನಿ" ಎಂದಳು. ಗಂಗವ್ವ ಕೈಬಿಟ್ಟಳು. ಕರಡಿಗೆ ಹೋಗಿ ಸರಿಯಾಗಿ ಮಚ್ಚೆಯ ಮೇಲೆ ಕೂತಿತಂತೆ, ಅಂಚಿಗೆ ಅಂಚು.

ಪರೀಕ್ಷೆ ಮಾಡುವಾಗಲೆಲ್ಲ ಸಂಪ್ರದಾಯದಂತೆ ಅವಳು ಅದನ್ನು ಮುಷ್ಟಿಯಲ್ಲಿ ಮರೆಮಾಡಿ ಎತ್ತಿಕೊಳ್ಳುತ್ತಿದ್ದಳು, ನಾವು ಮರ್ಯಾದೆಗೆ ಕಣ್ಣು ಹೊರಳಿಸುತ್ತಿದ್ದೆವು. ಹೀಗಾಗಿ ಮಚ್ಚೆಯ ಮೇಲೆ ಹಗಲಿರುಳು ಕೂತಿರುವುದೇನು ಎಂದು ಯಾವ ಡಾಕ್ಟರಿಗೂ ಕಂಡಿರಲಿಲ್ಲ. ತವರಿನಲ್ಲಿ ಅವಳು ಲಿಂಗವನ್ನು ಅರಿವೆಯಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಹೊಸ ಕರಡಿಗೆ ಮಾವ ಲಗ್ನದಲ್ಲಿ ಕೊಟ್ಟದ್ದು, ಬೆಳ್ಳಿಯದೆಂದು ಹೇಳಿ. ಆಗ ಜರ್ಮನ್ ಬೆಳ್ಳಿ ಎಂಬ ಲೋಹ ಸಂತೆಯಲ್ಲೆಲ್ಲ ಬಂದಿತ್ತು, ಹೊಳಪಿನಲ್ಲಿ ಬೆಳ್ಳಿಗೂ ಮಿಗಿಲು, ಒಳಗೆ ಬೆಳ್ಳಿಯ ಹೆಸರೇ ಇಲ್ಲ. ಕೆಲವರ ಮೈಗೆ, ಅದರಲ್ಲೂ ಬೆವರಿನಲ್ಲಿ, ಅದು ಆಗುವುದಿಲ್ಲ.

ಬಸಲಿಂಗಪ್ಪನವರೊಬ್ಬರನ್ನೇ ಔಷಧದ ಕೋಣೆಗೆ ಕರೆದೆ. ಸೊಸೆಗೆ ಆ ರೋಗ ಇಲ್ಲ, ಕರಡಿಗೆ ಮೈಗೆ ಒಗ್ಗುತ್ತಿಲ್ಲ ಅಂದೆ.

ಅವರ ಮುಖ ಬಿಗಿಯಿತು. "ಬೆಳ್ಳಿ ಐತ್ರಿ ಅದು. ನಾ ಕೊಟ್ಟದ್ದು."

"ಬೆಳ್ಳಿ ಆಗಿದ್ರ ಹಿಂಗ..." ಎಂದು ನಾನು ಶುರುಮಾಡಿದೆ. ನಾಲಿಗೆಯ ತುದಿಗೆ ಇನ್ನೂ ಏನೇನೋ ಬಂದಿತ್ತು. ತುಳಸಾಬಾಯಿ ನೀರಿನ ತಂಬಿಗೆ ಹಿಡಿದು ನಡುವೆ ಬಂದಳು.

"ಬ್ಯಾಸಗಿ ಬೆವರ ನೋಡ್ರಿ ಕಾಕಾರ. ಕೆಲವರ ಮೈಗೆ ಹೊಸಾದು ಒಗ್ಗೂದುಲ್ಲ, ಹಳೇದು ಒಗ್ಗತೈತಿ. ಯಾರದೂ ತಪ್ಪಿಲ್ಲ."

ಅವರು ನೀರು ಕುಡಿದು ತಂಬಿಗೆಯನ್ನು ಕೈಯಲ್ಲೇ ಹಿಡಿದು ಕೂತರು. ಅದು ಬೆಳ್ಳಿಯಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತೋ, ಆಗಷ್ಟೇ ಹೊಳೆಯಿತೋ, ನಾನು ಕೇಳಲಿಲ್ಲ. "ಹದಿನೈದ ದಿವಸ ಅರಿವ್ಯಾಗ ಕಟ್ಟಿಕೊಳ್ಳಲಿ, ನಾ ಕೊಡೂ ಮುಲಾಮ ಹಚ್ಚಲಿ, ಬೆಳ್ಳುಳ್ಳಿ ಬಂದ್. ಅಲ್ಲೀತನಕ ಯಮಕನಮರಡಿಗೆ ಬಂಡಿ ಹೂಡಬ್ಯಾಡ್ರಿ" ಅಂದೆ. ಅವರು ತಂಬಿಗೆಯನ್ನು ಕೆಳಗಿಟ್ಟರು. ಎದ್ದು ಹೋದರು.

ಸೂಜಿ ಹಾಕಿಲ್ಲವೆಂದು ಗೋಕಾಕಕ್ಕೆ ಹೋಗಿ ದೊಡ್ಡ ಸಾಹೇಬರಿಗೆ ನಾನೇ ಹೇಳಿದೆ. "ಮೂಡಲಗಿ ಬಿಸಿಲು ನಿಮ್ಮ ತಲೆಗೆ ಏರಿದೆ" ಎಂದು ಮರಾಠಿಯಲ್ಲಿ ಬೈದರು. ಎದ್ದು ಬರುವಾಗ, "ಮಚ್ಚೆ ಹೋದರೆ ಗರಿಯ ಪರೀಕ್ಷೆ ಇನ್ನೊಮ್ಮೆ ಮಾಡಿ, ಸರಿಯಾಗಿ ಮಾಡಿ" ಅಂದರು. ಆ ಹದಿನೈದು ದಿನ ನನಗೆ ಊಟ ಸೇರಲಿಲ್ಲ. ಉಗುರು ನಂಬಿ ಔಷಧ ತಡೆದಿದ್ದೆ. ನನ್ನದೇ ತಪ್ಪಾಗಿದ್ದರೆ ರೋಗ ಬೆಳೆಯಲು ನಾನೇ ದಾರಿ ಬಿಟ್ಟಂತೆ. ಬಂಡಿ ಆಗಲೇ ಯಮಕನಮರಡಿಗೆ ಹೋಗಿಬಿಟ್ಟಿದೆಯೋ ಎಂಬ ಚಿಂತೆ ಬೇರೆ.

ಬಂಡಿ ನಮ್ಮ ಕಟ್ಟೆಗೇ ಬಂತು. ಮೊದಲು ಇಳಿದವರು ಬಸಲಿಂಗಪ್ಪ. ಅವರ ಅಂಗಿಯ ಕೊರಳಲ್ಲಿ ಕೆಂಪು ಅರಿವೆಯ ಗಂಟೊಂದು ಕಾಣುತ್ತಿತ್ತು. ಲಿಂಗವನ್ನು ಅರಿವೆಯಲ್ಲಿ ಕಟ್ಟಿಕೊಳ್ಳಬೇಕೆಂದು ನಾನು ಹೇಳಿದ್ದು ಸೊಸೆಗೆ, ಮಾವನಿಗಲ್ಲ. ಗಂಗವ್ವನನ್ನು ಒಳಗೆ ಕರೆದೊಯ್ದು ನೋಡಿ ಬಂದ ತುಳಸಾಬಾಯಿ ನನ್ನ ಕಿವಿಯಲ್ಲಿ ಹೇಳಿದಳು: ಹುಡುಗಿಯ ಕೊರಳಲ್ಲಿ ಈಗ ಹಳೆಯ ಕಾಲದ ದಪ್ಪ ಬೆಳ್ಳಿಯ ಕರಡಿಗೆ ಇದೆ, ಹಿರಿಯರ ಕೈ ಆಡಿ ಆಡಿ ನುಣುಪಾದದ್ದು. ಮೊದಲ ವಾರ ಅರಿವೆ ಕಟ್ಟಿಕೊಂಡಿದ್ದಳಂತೆ. ಕಡಿತ ನಿಂತ ದಿನ ಮಾವನೇ ತಮ್ಮ ಕರಡಿಗೆಯನ್ನು ಬಿಚ್ಚಿ ಅತ್ತೆಯ ಕೈಯಲ್ಲಿ ಕೊಡಿಸಿದರಂತೆ.

ಮಚ್ಚೆಯ ಅಂಚು ಇಳಿದಿತ್ತು. ನಡುವಿನ ಬಿಳುಪಿನಲ್ಲಿ ಬಣ್ಣ ತಿರುಗುತ್ತಿತ್ತು. ಉಗುರುಗಳ ಹೊಳಪು ಮಾಸಿತ್ತು. ಮುಂದೆ ಈ ಸುದ್ದಿ ಕೇಳಿ ದೊಡ್ಡ ಸಾಹೇಬರು "ಹಾಗೋ" ಅಂದರು, ಅಷ್ಟೇ. ಆದರೆ ಮರುಸಲ ಹೋದಾಗ ಅವರ ಕೋಣೆಗೆ ಹೊಸ ಪರದೆ ಬಂದಿತ್ತು, ರೋಗಿಯ ಸಂಗಡ ಬಂದವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅಂಥವರ ಕೈಕೆಳಗೆ ಕೆಲಸ ಮಾಡಿದ್ದಕ್ಕೆ ನನಗೆ ಬೇಸರವಿಲ್ಲ.

ಗರಿಯ ಪರೀಕ್ಷೆ ಉಳಿದಿತ್ತು. ನಾನು ಚಾದರ ಇಳಿಬಿಟ್ಟು, ತುಳಸಾಬಾಯಿಗೆ ಗರಿ ಕೊಟ್ಟು, ಮನೆಯವರಿಗೆ ಹೊರಗೆ ಹೋಗಿ ಅಂದೆ. ಅತ್ತೆ ಹೋದಳು. ಬಸಲಿಂಗಪ್ಪ ಕದಲಲಿಲ್ಲ.

"ನಾ ಇಲ್ಲೇ ಇರತೇನ್ರಿ ಸಾಹೇಬ್ರ. ನಾ ಕೇಳಬೇಕು."

"ನೀವಿದ್ರ ಅಕಿ ಮಾತಾಡೂದುಲ್ರಿ."

ಅವರು ಚಾದರದ ಈಚೆ, ಗೋಡೆಗೆ ಮುಖಮಾಡಿ, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಗೋಡೆಗೇ ಹೇಳಿದರು, "ಗಂಗವ್ವಾ, ಹಿಂದ ನಿನ್ನ ಬದಲಿ ನಾ ಹೇಳಿ ಕೆಡಿಸಿದೆ. ಇವತ್ತ ನೀನ ಹೇಳ ತಂಗಿ. ನಿಮ್ಮಪ್ಪ ಕುಂತಾನಂತ ತಿಳಿ."

ಹೊರಬಾಗಿಲಲ್ಲಿ ಎತ್ತು ಬಿಟ್ಟು ಬಂದ ಮಗ ನಿಂತಿದ್ದ. ನಾನು ಅವನನ್ನು ಬೈದು ಹೊರಗೆ ಹಾಕಬೇಕಿತ್ತು, ಹಾಕಲಿಲ್ಲ. ಬಸಲಿಂಗಪ್ಪನವರ ಕೈ ಕೊರಳಿನ ಅರಿವೆಯ ಗಂಟನ್ನು ಬಿಗಿಯಾಗಿ ಹಿಡಿದಿತ್ತು.

"ಹೂಂ."

ಸಣ್ಣ ದನಿಯಲ್ಲ. ಹೊರಗೆ ಕಟ್ಟೆಯ ಮೇಲೆ ಕೂತ ರೋಗಿಗಳೂ ತಿರುಗಿ ನೋಡಿದರು.

ಒಳಗಿಂದ ತುಳಸಾಬಾಯಿ ನಕ್ಕಳು. "ತಡಿಯವ್ವಾ, ನಾ ಇನ್ನೂ ಮುಟ್ಟೇ ಇಲ್ಲ."